ಮಳೆಗಾಲಕ್ಕೊಂದು ಮುಕ್ತ ಕೈಸಾಧನ: ಮಾದರಿ ಸಿದ್ಧವಾಗಿದೆ, ಮುಂದಿನ ಹಣ ಎಲ್ಲಿಂದ?

ಹೂಮಳೆ, ಚೆಟ್ಟಳ್ಳಿ

ಈ ಚರ್ಚಾವೇದಿಕೆಯ ಎಲ್ಲರಿಗೂ ನಮಸ್ಕಾರ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ವಿನ್ಯಾಸವನ್ನೂ ತಂತ್ರಾಂಶವನ್ನೂ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಒಂದು ಸಾಧನವನ್ನು ನಾವು ಕೆಲವು ಗೆಳೆಯರು ಸೇರಿ ರೂಪಿಸಿದ್ದೇವೆ. ಅದರ ಕೆಲಸ ಎರಡೇ. ಬೆಳಿಗ್ಗೆ ಮಳೆಮಾಪಕ ನೋಡಿ ಬಂದವರು ಅಂದಿನ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಒಂದು ಸೆಂಟು ಎಂದರೆ ಇಂಚಿನ ನೂರನೆಯ ಒಂದು ಪಾಲು) ಅದರಲ್ಲಿ ದಾಖಲಿಸಬೇಕು. ಮೊಬೈಲ್ ಸಿಗ್ನಲ್ ಇಲ್ಲದ ದಿನ ಆ ಲೆಕ್ಕವೂ, ‘ರಸ್ತೆ ಕುಸಿದಿದೆ’, ‘ಎಲ್ಲರೂ ಕ್ಷೇಮ’, ‘ವೈದ್ಯರು ಬೇಕು’ ಎಂಬಂಥ ಚುಟುಕು ಸಂದೇಶಗಳೂ ಲೋರಾ ಎಂಬ, ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ ಮೂಲಕ ಗುಡ್ಡದಾಚೆಯ ಊರನ್ನು ತಲುಪಬೇಕು.

2018ರ ಆಗಸ್ಟ್‌ನಲ್ಲಿ ಮಡಿಕೇರಿ ತಾಲ್ಲೂಕಿನ ಗುಡ್ಡಗಳು ಜರಿದಾಗ, ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮಣ್ಣು ಕುಸಿದಾಗ, ಆಚೆ ಕಡೆಯವರ ಸುದ್ದಿ ತಿಳಿಯದೆ ನಾವು ಪಟ್ಟ ಪಾಡನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕರೆಂಟು ಹೋಗಿ ಗೋಪುರದ ಬ್ಯಾಟರಿಯೂ ಬರಿದಾದ ಮೇಲೆ ಎಷ್ಟು ದುಬಾರಿ ಫೋನಿದ್ದರೂ ಪ್ರಯೋಜನವಿಲ್ಲ. ಉಪಗ್ರಹ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಹ್ಯಾಮ್ ರೇಡಿಯೊ ಬಹಳ ಒಳ್ಳೆಯ ಸಾಧನವೇ ಆದರೂ ಪರೀಕ್ಷೆ ಬರೆದು ಪರವಾನಗಿ ಪಡೆದವರು ಪ್ರತಿ ಊರಿನಲ್ಲಿಯೂ ಇರುವುದಿಲ್ಲ. ಹಾಗಾಗಿ ಬಳಸುವವರಿಗೆ ಪರವಾನಗಿ ಬೇಡದ ತರಂಗಪಟ್ಟಿಯನ್ನು ಆರಿಸಿಕೊಂಡೆವು.

ಮಾದರಿ ಕೆಲಸ ಮಾಡುತ್ತಿದೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಕೇಂದ್ರ ಸರ್ಕಾರದ ನಿಧಿ–ಪ್ರಯಾಸ್ ಯೋಜನೆ ಒಂದು ಕಲ್ಪನೆಯನ್ನು ಮಾದರಿಯ ಮಟ್ಟಕ್ಕೆ ತರಲು 10 ಲಕ್ಷ ರೂಪಾಯಿಯವರೆಗೆ ನೆರವು ಕೊಡುತ್ತದೆ. ಆದರೆ ನಾವು ಆ ಮಟ್ಟವನ್ನು ಸ್ವಂತ ಖರ್ಚಿನಲ್ಲಿ ದಾಟಿಬಿಟ್ಟಿದ್ದೇವೆ. ಹೂಡಿಕೆದಾರರನ್ನು ಕಂಡರೆ, ‘ವಿನ್ಯಾಸವನ್ನು ಎಲ್ಲರಿಗೂ ಕೊಟ್ಟ ಮೇಲೆ ನಿಮ್ಮಲ್ಲಿ ಉಳಿಯುವುದೇನು’ ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ, ಆದರೆ ನಮ್ಮ ಬಳಿ ಅವರಿಗೆ ಒಪ್ಪಿಗೆಯಾಗುವ ಉತ್ತರವಿಲ್ಲ. ಜನರಿಂದ ಮುಂಗಡ ಸಂಗ್ರಹಿಸೋಣವೆಂದರೆ, ಭಾರತದಲ್ಲಿದ್ದುಕೊಂಡು ಅದಕ್ಕೆಂದೇ ಇರುವ ಜಾಲತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ನೇರವಾಗಿ ಯೋಜನೆ ಹಾಕಲು ಅವಕಾಶವಿಲ್ಲ. ಈ ಹಾದಿಯಲ್ಲಿ ನಡೆದವರು, ನಡೆದವರನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಬೆಸುಗೆ, ಕುಶಾಲನಗರ

ಹಣದ ಮಾತಿಗೆ ಮೊದಲು ಒಂದು ವಿಚಾರ. ನನ್ನದು ಮೊಬೈಲ್ ರಿಪೇರಿ ಅಂಗಡಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನನ್ನ ಮೇಜಿಗೆ ಬರುವ ಫೋನುಗಳಲ್ಲಿ ಬಹುಪಾಲು ಒಡೆದವಲ್ಲ, ತೇವಕ್ಕೆ ಹಾಳಾದವು. ಚಾರ್ಜಿಂಗ್ ಪಿನ್ನಿನ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ಬೋರ್ಡನ್ನು ಭೂತಗನ್ನಡಿಯಡಿ ಇಟ್ಟರೆ ಚಿಪ್ಪಿನ ಕಾಲುಗಳ ನಡುವೆ ಬಿಳಿ ಹುಡಿ ಕಾಣುತ್ತದೆ. ನೀರಿನಲ್ಲಿ ಬಿದ್ದದ್ದೇ ಇಲ್ಲ ಎಂದು ತಂದವರು ಆಣೆ ಮಾಡಿ ಹೇಳುತ್ತಾರೆ, ಅವರ ಮಾತು ನಿಜವೇ ಆಗಿರುತ್ತದೆ. ಒಲೆಯ ಪಕ್ಕದಿಂದ ಮಂಜಿಗೆ, ಮಂಜಿನಿಂದ ಮತ್ತೆ ಒಲೆಯ ಪಕ್ಕಕ್ಕೆ ಓಡಾಡಿದ ಫೋನಿನೊಳಗೆ ಹಬೆ ತಾನಾಗಿ ನೀರಾಗುತ್ತದೆ.

ಹೂಮಳೆಯವರೇ, ನಿಮ್ಮ ಸಾಧನದ ಪೆಟ್ಟಿಗೆ ಯಾವುದು? ಬೋರ್ಡಿಗೆ ರಕ್ಷಣಾ ಲೇಪನ ಹಚ್ಚಿದ್ದೀರಾ? ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿದ್ದೀರಾ, ಅಥವಾ ಬಳಸುವವರೇ ತೆಗೆದು ಹಾಕಬಹುದೇ? ಕೆಟ್ಟರೆ ನಾನು ಅದನ್ನು ಬಿಚ್ಚಲು ಆಗುತ್ತದೆಯೇ? ವಿನ್ಯಾಸ ಮುಕ್ತವಾಗಿದ್ದು ಪೆಟ್ಟಿಗೆಯನ್ನು ಅಂಟು ಹಾಕಿ ಮುಚ್ಚಿದ್ದರೆ, ನನ್ನಂಥವರಿಗೆ ಅದು ಮುಕ್ತವಲ್ಲ.

ಹೂಮಳೆ, ಚೆಟ್ಟಳ್ಳಿ

ಬೆಸುಗೆ ಅಣ್ಣ, ಸರಿಯಾದ ಕಡೆಯೇ ಕೈ ಇಟ್ಟಿರಿ. ಈಗಿನ ಪೆಟ್ಟಿಗೆ ತ್ರೀಡಿ ಮುದ್ರಣದ್ದು. ಅದರ ಪದರಗಳ ಸಂದಿನಲ್ಲಿ ನೀರು ಜಿನುಗುತ್ತದೆ. ಆದ್ದರಿಂದಲೇ ಪ್ಲಾಸ್ಟಿಕ್ ಪೆಟ್ಟಿಗೆ ಎರಕ ಹೊಯ್ಯುವ ಅಚ್ಚು ಮಾಡಿಸುವ ಯೋಚನೆ ಬಂತು, ಅಚ್ಚಿನ ಬೆಲೆ ಕೇಳಿದ ಮೇಲೆ ಈ ಚರ್ಚೆಯನ್ನು ಆರಂಭಿಸಿದೆ. ಬ್ಯಾಟರಿ ಪೇಟೆಯಲ್ಲಿ ಸಿಗುವ 18650 ಎಂಬ ಅಳತೆಯ ಲಿಥಿಯಂ ಸೆಲ್, ಕೈಯಲ್ಲಿ ತೆಗೆದು ಹಾಕಬಹುದು. ಒದ್ದೆ ಬೆರಳಿಗೆ ಸ್ಪರ್ಶಪರದೆ ಕೆಲಸ ಮಾಡುವುದಿಲ್ಲವಾದ್ದರಿಂದ ಒತ್ತುಗುಂಡಿಗಳನ್ನೇ ಇಟ್ಟಿದ್ದೇವೆ. ಲೇಪನ ಇನ್ನೂ ಹಚ್ಚಿಲ್ಲ.

ಮೂಲಸಂಕೇತ, ಬೆಂಗಳೂರು (ತವರು ನಾಪೋಕ್ಲು)

ಹೂಮಳೆಯವರೇ, ನಾನು ಹಲವು ವರ್ಷಗಳಿಂದ ಇಂಥ ಚಿಕ್ಕ ಸಾಧನಗಳೊಳಗೇ ಕೂತು ಅವನ್ನು ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ‘ಸಾಧನ ಮಾಡಲು ಹಣ ಎಲ್ಲಿಂದ’ ಎಂಬುದು. ‘ಮಾಡಿದ ಸಾಧನವನ್ನು ಐದು ವರ್ಷ ನಡೆಸಲು ಹಣ ಎಲ್ಲಿಂದ’ ಎಂದು ಅದನ್ನು ತಿರುಗಿಸಿ ಕೇಳಿದರೆ ಇಡೀ ಯೋಜನೆಯ ಆಕಾರವೇ ಬೇರೆಯಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಹಿಂದೆ ನಡೆದದ್ದನ್ನು ಸ್ವಲ್ಪ ನೋಡೋಣ.

ನಮ್ಮ ಮನೆಯ ಉದಾಹರಣೆಯಿಂದಲೇ ಆರಂಭಿಸುತ್ತೇನೆ. 1998ರಲ್ಲಿ ಬೆಂಗಳೂರಿನಲ್ಲಿ, ಕೈಯಲ್ಲಿ ಹಿಡಿಯುವ ಗಣಕವಾದ ಸಿಂಪ್ಯೂಟರ್‌ನ ಕಲ್ಪನೆ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಒಂದು ಟ್ರಸ್ಟ್ ಕಟ್ಟಿದರು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಿಂದ ನಡೆಯುವ, ಸ್ಮಾರ್ಟ್ ಕಾರ್ಡ್ ಹಾಕಿ ಹಲವರು ಹಂಚಿಕೊಂಡು ಬಳಸಬಹುದಾದ ಕೈಗಣಕ ಅದು. ಯಂತ್ರಾಂಶದ ವಿನ್ಯಾಸಕ್ಕೂ ಒಂದು ಸಾರ್ವಜನಿಕ ಪರವಾನಗಿ ಬರೆದದ್ದು ಆ ಕಾಲಕ್ಕೆ ಜಗತ್ತಿನಲ್ಲಿಯೇ ಅಪರೂಪದ ಹೆಜ್ಜೆ. ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಐವತ್ತು ಸಾವಿರ ಮಾರಾಟವಾಗಬಹುದೆಂಬ ನಿರೀಕ್ಷೆಯಿತ್ತು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ. ಕಲ್ಪನೆಗೂ ಕಾರ್ಖಾನೆಗೂ ನಡುವೆ ಕಳೆದ ಆ ಆರು ವರ್ಷಗಳಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿ ಹಳ್ಳಿಗೆ ತಲುಪಿತ್ತು. ತಂತ್ರಜ್ಞಾನದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಬಂಡವಾಳ ಹೊಂದಿಸುವುದಕ್ಕೆ ಹಿಡಿದ ಕಾಲದಲ್ಲಿ ಸಾಧನ ಹಳೆಯದಾಗುತ್ತದೆ ಎಂಬುದನ್ನು ಅವರ ಅನುಭವ ತೋರಿಸುತ್ತದೆ. ಒಂದು ಸಂತೋಷದ ಸಂಗತಿಯನ್ನೂ ಹೇಳಬೇಕು. ಸಿಂಪ್ಯೂಟರ್‌ಗಾಗಿ ರಮೇಶ್ ಹರಿಹರನ್ ಅವರು ಬರೆದ, ಕನ್ನಡವನ್ನೂ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಮುಕ್ತವಾಗಿದ್ದುದರಿಂದ, ಸಾಧನ ನಿಂತ ಮೇಲೂ ಬೇರೆಯವರ ಕೈಯಲ್ಲಿ ಬೆಳೆಯಿತು.

ಹೊರದೇಶಗಳ ಕಥೆಯೂ ಹೆಚ್ಚು ಬೇರೆಯಲ್ಲ. ಓಪನ್‌ಮೋಕೊ ತಂಡ 2007ರಲ್ಲಿ ನಿಯೋ 1973, 2008ರಲ್ಲಿ ನಿಯೋ ಫ್ರೀರನ್ನರ್ ಎಂಬ ಮುಕ್ತ ಫೋನುಗಳನ್ನು ತಂದಿತು. 2009ರಲ್ಲಿ ಮುಂದಿನ ಫೋನಿನ ಕೆಲಸವನ್ನೇ ನಿಲ್ಲಿಸಬೇಕಾಯಿತು. ಪಂಡೋರಾ ಎಂಬ ಕೈಗಣಕಕ್ಕೆ 2008ರ ಸೆಪ್ಟೆಂಬರ್‌ನಲ್ಲಿ ಮುಂಗಡ ಕಟ್ಟಿದವರಿಗೆ ಸಾಧನ ತಲುಪತೊಡಗಿದ್ದು 2010ರಲ್ಲಿ. ಬಹಳ ಮಂದಿ ಅದಕ್ಕೂ ಎಷ್ಟೋ ಹೆಚ್ಚು ಕಾಲ ಕಾದರು. ಪ್ಯೂರಿಸಂ ಕಂಪನಿಯವರು 2017ರಲ್ಲಿ ಲಿಬ್ರೆಮ್ 5 ಫೋನಿಗಾಗಿ 15 ಲಕ್ಷ ಡಾಲರ್ ಕೇಳಿ 20 ಲಕ್ಷಕ್ಕೂ ಹೆಚ್ಚು ಪಡೆದರು. 2019ರ ಜನವರಿಯಲ್ಲಿ ಕೊಡುತ್ತೇವೆಂದ ಫೋನು ದೊಡ್ಡ ಪ್ರಮಾಣದಲ್ಲಿ ಹೊರಟದ್ದು 2020ರ ನವೆಂಬರ್‌ನಲ್ಲಿ. ಕೇಳಿದ್ದಕ್ಕಿಂತ ಹೆಚ್ಚು ಹಣ ಬಂದಾಗಲೂ ಹೀಗಾಗುತ್ತದೆ ಎಂಬುದನ್ನು ಗಮನಿಸಿ.

ಮುಕ್ತವಾಗಿರುವುದರ ಲಾಭ ಕಾಣುವುದು ಮಾರಾಟದ ದಿನವಲ್ಲ, ಆಮೇಲೆ. ಫ್ರೀರನ್ನರ್‌ನಲ್ಲಿ ಕರೆ ಮಾಡುವಾಗ ಗುಯ್ ಎನ್ನುವ ಸದ್ದು ಬರುತ್ತಿತ್ತು. ಸರ್ಕ್ಯೂಟ್ ನಕ್ಷೆ ಎಲ್ಲರ ಬಳಿ ಇದ್ದುದರಿಂದ ಬಳಕೆದಾರರೇ ಒಂದೆಡೆ ಸೇರಿ, ಕೆಪಾಸಿಟರ್ ಬೆಸೆದು ಅದನ್ನು ಸರಿಪಡಿಸಿಕೊಂಡರು. ಬೆಸುಗೆಯವರು ಕೇಳಿದ್ದು ಇದನ್ನೇ.

ಹಣದ ದೃಷ್ಟಿಯಿಂದ ನನಗೆ ಹೆಚ್ಚು ಮೆಚ್ಚುಗೆಯಾದ ಮಾರ್ಗ ಪೈನ್64 ಕಂಪನಿಯವರದು. ಅವರು 149 ಡಾಲರ್‌ನ ಪೈನ್‌ಫೋನನ್ನು ಬಹಳ ಕಡಿಮೆ ಲಾಭಕ್ಕೆ ಮಾರಿ, ತಂತ್ರಾಂಶವನ್ನು ಸಮುದಾಯಗಳಿಗೆ ಬಿಟ್ಟರು. 2020ರ ಸಮುದಾಯ ಆವೃತ್ತಿಗಳಲ್ಲಿ ಪ್ರತಿ ಫೋನಿನಿಂದ 10 ಡಾಲರ್ ಆಯಾ ತಂತ್ರಾಂಶ ಯೋಜನೆಗೆ ಹೋಗುತ್ತಿತ್ತು. ಮೊತ್ತ ಸಣ್ಣದು, ಬರೆಯುವವರ ಜೀವನ ಅದರಲ್ಲಿ ನಡೆಯಲಿಲ್ಲ. ಆದರೆ ಸಾಧನದ ಬೆಲೆಯೊಳಗೇ ನಿರ್ವಹಣೆಯ ಪಾಲು ಇರಬೇಕೆಂಬುದನ್ನು ಅವರು ಬಿಲ್ಲಿನಲ್ಲಿಯೇ ಒಪ್ಪಿಕೊಂಡರು.

ಕಾಳುಮೆಣಸು, ಸಿದ್ದಾಪುರ

ಎಲ್ಲರ ಶ್ರಮಕ್ಕೂ ಗೌರವವಿದೆ. ಆದರೂ ನೇರವಾಗಿ ಕೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ಮೆಶ್‌ಟಾಸ್ಟಿಕ್ ಎಂಬ, ಲೋರಾದಲ್ಲಿ ಸಂದೇಶ ಕಳುಹಿಸುವ ಮುಕ್ತ ತಂತ್ರಾಂಶ 2020ರಿಂದ ಇದೆ. ಅದನ್ನು ಹಾಕಬಹುದಾದ ಲೋರಾ ಬೋರ್ಡುಗಳು ಆನ್‌ಲೈನಿನಲ್ಲಿ ಸಿದ್ಧವಾಗಿ ಸಿಗುತ್ತವೆ. ಭಾರತದ ತರಂಗಪಟ್ಟಿಯ ಆಯ್ಕೆಯೂ ಅದರಲ್ಲಿದೆ. ಅದನ್ನೇ ಕೊಂಡು ಹಂಚಿದರೆ ಸಾಲದೇ? ಹೊಸ ಸಾಧನ ಕಟ್ಟುವ ಆಸೆ ಕಟ್ಟುವವರದೋ, ಬಳಸುವವರದೋ ಎಂಬುದು ಸ್ಪಷ್ಟವಾಗದೆ ಹಣ ಕೇಳುವುದು ಸರಿಯೆನಿಸುವುದಿಲ್ಲ.

ಹೂಮಳೆ, ಚೆಟ್ಟಳ್ಳಿ

ಈ ಪ್ರಶ್ನೆ ಬರಲೇಬೇಕಿತ್ತು, ಧನ್ಯವಾದಗಳು. ಆ ಬೋರ್ಡುಗಳನ್ನು ನಾವೂ ಬಳಸಿ ನೋಡಿದ್ದೇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಜೊತೆಯಲ್ಲೊಂದು ಸ್ಮಾರ್ಟ್‌ಫೋನು ಬೇಕು. ಸಂದೇಶ ಬರೆಯುವುದು ಫೋನಿನಲ್ಲಿ, ಬೋರ್ಡು ಅದನ್ನು ಕಳುಹಿಸುತ್ತದೆ. ಮೂರು ದಿನ ಕರೆಂಟಿಲ್ಲದ ಮನೆಯಲ್ಲಿ ಫೋನಿನ ಚಾರ್ಜೇ ಮೊದಲು ಮುಗಿಯುವುದು. ಲೈನ್ ಮನೆಗಳಲ್ಲಿ ಇರುವ ತೋಟದ ಕಾರ್ಮಿಕರಿಗೆ, ವಯಸ್ಸಾದವರಿಗೆ ಫೋನಿನ ಆ್ಯಪ್ ತೆರೆದು, ಬ್ಲೂಟೂತ್ ಜೋಡಿಸಿ, ಆಮೇಲೆ ಬರೆಯುವ ವ್ಯವಸ್ಥೆ ಆಪತ್ತಿನಲ್ಲಿ ಒಗ್ಗುವುದಿಲ್ಲ. ನಾಲ್ಕು ಗುಂಡಿ, ಒಂದು ಪರದೆ, ಕನ್ನಡದ ಸಂದೇಶ ಇಷ್ಟಿದ್ದರೆ ಸಾಕು. ರೇಡಿಯೊ ಮಾಡ್ಯೂಲನ್ನು ನಾವು ಹೊಸದಾಗಿ ಮಾಡುತ್ತಿಲ್ಲ, ಸಿದ್ಧವಾದದ್ದನ್ನೇ ಕೊಳ್ಳುತ್ತೇವೆ. ಲೋರಾ ಚಿಪ್ಪು ಸೆಮ್‌ಟೆಕ್ ಕಂಪನಿಯ ಸ್ವಾಮ್ಯದ ತಂತ್ರಜ್ಞಾನ, ಅದರ ಒಳಗು ನಮಗೂ ಮುಚ್ಚಿದ ಪುಸ್ತಕ. ಆ ಮಟ್ಟಿಗೆ ನಮ್ಮ ಸಾಧನ ಪೂರ್ಣ ಮುಕ್ತವಲ್ಲ ಎಂಬುದನ್ನು ಪ್ರಕಟಣೆಯಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ.

ಮೂಲಸಂಕೇತ, ಬೆಂಗಳೂರು (ತವರು ನಾಪೋಕ್ಲು)

ಕಾಳುಮೆಣಸು ಅವರ ಪ್ರಶ್ನೆಯನ್ನು ನಾನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇನೆ. ಸಿದ್ಧವಾಗಿ ಸಿಗುವ ಪ್ರತಿಯೊಂದನ್ನೂ ಕೊಳ್ಳಿ. ಎಲ್ಲಿಯೂ ಸಿಗದಿರುವುದಕ್ಕೆ ಮಾತ್ರ ನಿಮ್ಮ ಶ್ರಮವನ್ನೂ ದಾನಿಗಳ ಹಣವನ್ನೂ ಹಾಕಿ. ಎಲ್ಲಿಯೂ ಸಿಗದಿರುವುದು ಕನ್ನಡದ ಪರದೆ ಮತ್ತು ಕೊಡಗಿನ ಮಳೆ ತಡೆಯುವ ಜೋಡಣೆ.

ಕನ್ನಡದ ವಿಷಯವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಖರ್ಚು ಅಡಗಿ ಕೂರುವುದು ಇಂಥ ಜಾಗದಲ್ಲಿ. ಈ ದರ್ಜೆಯ ಸಾಧನಗಳಲ್ಲಿ ಸಾಮಾನ್ಯವಾಗಿ ಬಳಸುವ ಓಎಲ್‌ಇಡಿ ಪರದೆಯ ಅಗಲ 128 ಚುಕ್ಕೆ, ಎತ್ತರ 64 ಚುಕ್ಕೆ. ಇಂಗ್ಲಿಷಿನ ಒಂದು ಸಾಲು 8 ಚುಕ್ಕೆಯ ಎತ್ತರದಲ್ಲಿ ಕೂರುತ್ತದೆ, ಆದ್ದರಿಂದ ಎಂಟು ಸಾಲು ಹಿಡಿಸುತ್ತದೆ. ‘ರಸ್ತೆ’, ‘ವೈದ್ಯರು’ ಎಂಬ ಪದಗಳಿಗೆ ಕೆಳಗೆ ಒತ್ತಕ್ಷರಕ್ಕೂ ಮೇಲೆ ಗುಣಿತದ ಕೊಂಡಿಗೂ ಜಾಗ ಬಿಡಬೇಕು. ಓದಲು ಬರುವಂತೆ ಬಿಡಿಸಿದರೆ ಮೂರು ಸಾಲಿಗೆ ಪರದೆ ತುಂಬುತ್ತದೆ. ಬಳಕೆದಾರರು ತಮಗೆ ಬೇಕಾದ್ದನ್ನು ಟೈಪ್ ಮಾಡುವಂತಿರಬೇಕಾದರೆ ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ತಂತ್ರಾಂಶವನ್ನು ಈ ಪುಟ್ಟ ಚಿಪ್ಪಿನೊಳಗೆ ತುರುಕಬೇಕು. ಗಣಕದಲ್ಲಿ ಹಾರ್ಫ್‌ಬಜ್ ಮಾಡುವ ಕೆಲಸ ಅದು. ಇಲ್ಲಿ ಮೆಮೊರಿ ಲೆಕ್ಕ ಹಾಕಿಕೊಂಡು ಮಾಡುವುದಕ್ಕೆ ಒಬ್ಬ ಅನುಭವಿಯ ತಿಂಗಳುಗಟ್ಟಲೆ ದುಡಿಮೆ ಬೇಕು. ಅದರ ಬದಲು ಆಪತ್ತಿನ ಸಂದೇಶಗಳ ಒಂದು ಪಟ್ಟಿಯನ್ನು ಮೊದಲೇ ತೀರ್ಮಾನಿಸಿ, ಪ್ರತಿಯೊಂದನ್ನೂ ಚಿತ್ರವಾಗಿ ಸಾಧನದೊಳಗೆ ಇಟ್ಟುಬಿಡಿ. ಗಾಳಿಯಲ್ಲಿ ಹೋಗುವುದು ಸಂದೇಶದ ಸಂಖ್ಯೆ ಮಾತ್ರ, ಪಡೆದ ಸಾಧನ ತನ್ನಲ್ಲಿರುವ ಚಿತ್ರವನ್ನು ತೋರಿಸುತ್ತದೆ. ಲೋರಾ ಬಹಳ ನಿಧಾನವಾದ ರೇಡಿಯೊ ಆದ್ದರಿಂದ ಸಂದೇಶ ಚಿಕ್ಕದಾದಷ್ಟೂ ಒಳ್ಳೆಯದು, ಬ್ಯಾಟರಿಯೂ ಉಳಿಯುತ್ತದೆ. ಚಿತ್ರಗಳಾದ್ದರಿಂದ ಅದೇ ಸಂದೇಶವನ್ನು ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ತೋರಿಸುವುದೂ ಸುಲಭ. ಮುಕ್ತ ಟೈಪಿಂಗ್ ಆಮೇಲೆ ಬರಲಿ.

ಇಂಥದ್ದೊಂದು ಚಿಕ್ಕ ತೀರ್ಮಾನ ದೊಡ್ಡ ಅನುದಾನಕ್ಕಿಂತ ಹೆಚ್ಚು ಹಣ ಉಳಿಸುತ್ತದೆ.

ಪಾಠಮನೆ, ಪೊನ್ನಂಪೇಟೆ

ನಾನು ಎಲೆಕ್ಟ್ರಾನಿಕ್ಸ್ ಕಲಿಸುವವಳು. ಮೂರು ವಿಚಾರಗಳಲ್ಲಿ ಹೂಮಳೆಯವರನ್ನು ಎಚ್ಚರಿಸಬೇಕಾಗಿದೆ.

ಪರವಾನಗಿ ಬೇಡದ ತರಂಗಪಟ್ಟಿ ಎಂಬುದನ್ನು ಬಹಳ ಮಂದಿ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಗೊತ್ತುಪಡಿಸಿದ ಶಕ್ತಿಯ ಮಿತಿಯೊಳಗೆ, ಬಳಸುವವರಿಗೆ ಪರವಾನಗಿ ಬೇಡ. ಸಾಧನಕ್ಕೆ ಮಾತ್ರ ದೂರಸಂಪರ್ಕ ಇಲಾಖೆಯ ರೇಡಿಯೊ ತರಂಗಗಳ ಬಳಕೆ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ ಎಂಬ ಮಾದರಿ ಅನುಮೋದನೆ ಆಗಿರಬೇಕು. ಅರ್ಜಿಯನ್ನು ಸರಳ ಸಂಚಾರ್ ಜಾಲತಾಣದಲ್ಲಿಯೇ ಹಾಕಬಹುದು, ಆದರೆ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿ ಬೇಕು. ಅಮೆರಿಕದ ಮಾರುಕಟ್ಟೆಗೆ ಮಾಡಿದ 915 ಮೆಗಾಹರ್ಟ್ಸ್ ಮಾಡ್ಯೂಲುಗಳು ಅಗ್ಗವಾಗಿ ಸಿಕ್ಕಿದರೆ ಕೊಳ್ಳಬೇಡಿ. ಲಿಥಿಯಂ ಸೆಲ್ಲುಗಳು ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ, ಆದ್ದರಿಂದ ಹೆಸರಿಲ್ಲದ ಸೆಲ್ಲನ್ನೂ ಕೊಳ್ಳಬೇಡಿ. ಅನುಮೋದನೆ ಪಡೆದ ಮೇಲೆ ಬೋರ್ಡಿನಲ್ಲಿ ರೇಡಿಯೊ ಅಥವಾ ಆ್ಯಂಟೆನಾ ಭಾಗವನ್ನು ಬದಲಿಸಿದರೆ ಮತ್ತೆ ಪರೀಕ್ಷೆಯ ಖರ್ಚು ಬರಬಹುದು. ಯಾರು ಬೇಕಾದರೂ ತಿದ್ದಬಹುದು ಎಂಬ ಆದರ್ಶಕ್ಕೂ ಅನುಮೋದಿತ ಮಾದರಿಗೂ ನಡುವೆ ಈ ಘರ್ಷಣೆ ಸದಾ ಇರುತ್ತದೆ, ಅದನ್ನು ಮೊದಲೇ ಯೋಚಿಸಬೇಕು.

ವಿನ್ಯಾಸವನ್ನು ಪ್ರಕಟಿಸುವಾಗ ತಂತ್ರಾಂಶದ ಪರವಾನಗಿಯನ್ನೇ ಯಂತ್ರಾಂಶಕ್ಕೂ ಅಂಟಿಸಬೇಡಿ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಯಂತ್ರಾಂಶಕ್ಕೆಂದೇ 2011ರಲ್ಲಿ ಪರವಾನಗಿ ರೂಪಿಸಿ, 2020ರಲ್ಲಿ ಅದರ ಎರಡನೆಯ ಆವೃತ್ತಿಯನ್ನು ಮೂರು ಬಗೆಗಳಲ್ಲಿ ತಂದಿದೆ. ನಿಮ್ಮ ವಿನ್ಯಾಸವನ್ನು ತಿದ್ದಿ ಮಾರುವವರು ತಿದ್ದಿದ್ದನ್ನೂ ಪ್ರಕಟಿಸಬೇಕೆಂದು ಬಯಸುವುದಾದರೆ ಅದರ ಬಿಗಿಯಾದ ಬಗೆಯನ್ನು ಆರಿಸಿ. ನಕ್ಷೆಗಳನ್ನು ಉಚಿತ ಸರ್ಕ್ಯೂಟ್ ನಕ್ಷಾ ತಂತ್ರಾಂಶವಾದ ಕಿಕ್ಯಾಡ್‌ನಲ್ಲಿ ಇಡಿ. ನನ್ನ ವಿದ್ಯಾರ್ಥಿಗಳು ದುಬಾರಿ ತಂತ್ರಾಂಶ ಕೊಳ್ಳದೆ ಅವನ್ನು ತೆರೆಯುವಂತಿರಬೇಕು.

ಕೊನೆಯದು ಮನಸ್ಸಿಗೆ ನೋವಾಗುವ ವಿಷಯ. ಪ್ರತಿ ವರ್ಷ ಅಂತಿಮ ವರ್ಷದ ವಿದ್ಯಾರ್ಥಿಗಳು ಕಾಫಿ ತೇವಾಂಶ ಅಳೆಯುವ, ಆನೆ ಬಂದದ್ದನ್ನು ತಿಳಿಸುವ ಒಳ್ಳೊಳ್ಳೆಯ ಮಾದರಿಗಳನ್ನು ಮಾಡುತ್ತಾರೆ. ಅಂಕಪಟ್ಟಿ ಬಂದ ಮೇಲೆ ಅವರು ಬೆಂಗಳೂರಿಗೆ ಹೋಗುತ್ತಾರೆ, ಮಾದರಿ ಕಪಾಟಿಗೆ ಹೋಗುತ್ತದೆ. ಅವರನ್ನು ದೂರುವಂತಿಲ್ಲ. ಮಾದರಿಯನ್ನು ಮುಂದುವರಿಸುವವರಿಗೆ ಇಲ್ಲಿ ಸಂಬಳ ಕೊಡುವವರಿಲ್ಲ. ಮೂಲಸಂಕೇತ ಅವರು ಹೇಳಿದ ಐದು ವರ್ಷದ ಪ್ರಶ್ನೆಗೆ ನಮ್ಮ ಕಾಲೇಜುಗಳ ಬಳಿಯೂ ಉತ್ತರವಿಲ್ಲ.

ಲೆಕ್ಕಿಗ, ಗೋಣಿಕೊಪ್ಪ

ನಾನು ತಂತ್ರಜ್ಞನಲ್ಲ, ಸಹಕಾರ ಸಂಘವೊಂದರ ಲೆಕ್ಕಪತ್ರ ನೋಡುವವನು. ಇಲ್ಲಿಯವರೆಗೆ ಬಂದ ಮಾತುಗಳನ್ನು ಅಂಕಿಗಳಲ್ಲಿ ಇಟ್ಟು ನೋಡುತ್ತೇನೆ.

ಪೆಟ್ಟಿಗೆಯ ಅಚ್ಚಿಗೆ 4 ಲಕ್ಷ ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳೋಣ. 5,000 ಸಾಧನಗಳಿಗೆ ಹಂಚಿದರೆ ತಲಾ 80 ರೂಪಾಯಿ, ಯಾರಿಗೂ ಭಾರವಲ್ಲ. 100 ಸಾಧನಗಳಿಗೆ ಹಂಚಿದರೆ ತಲಾ 4,000 ರೂಪಾಯಿ. ಪೆಟ್ಟಿಗೆಯ ಬೆಲೆ ಒಳಗಿನ ಬೋರ್ಡಿಗಿಂತ ಹೆಚ್ಚಾಗಿಬಿಡುತ್ತದೆ. ಪರೀಕ್ಷಾ ವರದಿ, ಅನುಮೋದನೆ, ಬೋರ್ಡು ತಪಾಸಣೆ ಮಾಡುವ ಜಿಗ್, ಇವೆಲ್ಲವೂ ಇದೇ ಜಾತಿಯ ಖರ್ಚುಗಳು. ಒಂದು ಸಾಧನ ಮಾಡಿದರೂ ಅಷ್ಟೇ, ಸಾವಿರ ಮಾಡಿದರೂ ಅಷ್ಟೇ. ಇದನ್ನು ನೋಡಿದ ಕೂಡಲೇ ಸಾವಿರಗಟ್ಟಲೆ ಮಾಡೋಣ, ಅಗ್ಗವಾಗುತ್ತದೆ ಎಂಬ ಆಸೆ ಹುಟ್ಟುತ್ತದೆ. ಆದರೆ ಸಾವಿರ ಮಾಡಲು ಪರದೆ, ಸೆಲ್ಲು, ಚಿಪ್ಪುಗಳಿಗೆ ಮೊದಲೇ ಹಣ ಕಟ್ಟಬೇಕು. ಇಲೆಕ್ಟ್ರಾನಿಕ್ ಸರಕಿನ ಮೇಲಿನ 18 ಶೇಕಡ ಜಿಎಸ್‌ಟಿಯನ್ನೂ ಖರೀದಿಯ ಹೊತ್ತಿಗೇ ತೆರಬೇಕು. ಮಾರಾಟವಾಗದೆ ಉಳಿದ ಪರದೆಗಳನ್ನು ಯಾರೂ ಹಿಂದಕ್ಕೆ ಕೊಳ್ಳುವುದಿಲ್ಲ. ಕಾಫಿಯಾದರೆ ಬೆಲೆ ಬರುವವರೆಗೆ ಗೋದಾಮಿನಲ್ಲಿ ಇಡಬಹುದು. ಚಿಪ್ಪಿಗೆ ಆ ಭಾಗ್ಯವಿಲ್ಲ.

ಜನರಿಂದ ಪಡೆಯುವ ಮುಂಗಡವನ್ನು ಆದಾಯವೆಂದು ಬರೆಯಬೇಡಿ. ನಮ್ಮ ಲೆಕ್ಕದಲ್ಲಿ ಅದು ಹೊಣೆ, ಸಾಧನ ಕೈಸೇರುವವರೆಗೆ ತೀರದ ಸಾಲ. ವಿದೇಶದ ಅನುದಾನದ ಮಾತೂ ಬಂದೀತು. ಅಲ್ಲಿನ ಕೆಲವು ಸಂಸ್ಥೆಗಳು ಮುಕ್ತ ಯಂತ್ರಾಂಶಕ್ಕೂ ಹಣ ಕೊಡುತ್ತವೆಂದು ಕೇಳಿದ್ದೇನೆ. ಸಂಘ ಸಂಸ್ಥೆಗಳು ವಿದೇಶಿ ವಂತಿಗೆ ಪಡೆಯಬೇಕಾದರೆ 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೂರು ಸಾಧನ ಮಾಡುವವರಿಗೆ ಆ ಹಾದಿ ಬೇಡವೆಂದು ನನ್ನ ಸಲಹೆ.

ಮೂಲಸಂಕೇತ, ಬೆಂಗಳೂರು (ತವರು ನಾಪೋಕ್ಲು)

ಲೆಕ್ಕಿಗ ಸರ್, ವಿದೇಶಿ ಅನುದಾನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ ಇಂಥ ಕೆಲಸಗಳಿಗೆ 5,000ದಿಂದ 50,000 ಯೂರೊವರೆಗೆ ಕೊಡುತ್ತ ಬಂದಿದೆ. ನಮ್ಮಲ್ಲಿಯೇ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಆರಂಭಿಸಿ ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲಿಟ್ಟಿದೆ. ಆದರೆ ಅದು ತಂತ್ರಾಂಶಕ್ಕೆ, ಅದರಲ್ಲಿಯೂ ಈಗಾಗಲೇ ವ್ಯಾಪಕ ಬಳಕೆಯಲ್ಲಿರುವುದಕ್ಕೆ. ಅನುದಾನ ಕೊಡುವವರೆಲ್ಲರೂ ಹೊಸತನ್ನು ಕೇಳುತ್ತಾರೆ ಅಥವಾ ಈಗಾಗಲೇ ದೊಡ್ಡದಾದದ್ದನ್ನು ಕೇಳುತ್ತಾರೆ. ತಯಾರಿಕೆಯ ಎರಡನೆಯ ಕಂತಿನ ಬೋರ್ಡುಗಳನ್ನು ಪರೀಕ್ಷಿಸುವುದಕ್ಕೆ, ಉತ್ಪಾದನೆ ನಿಂತ ಪರದೆಯ ಬದಲಿಗೆ ಬೇರೆ ಪರದೆ ಹೊಂದಿಸುವುದಕ್ಕೆ ಯಾರೂ ಅನುದಾನ ಕೊಡುವುದಿಲ್ಲ. ಸಾಧನ ಬದುಕುವುದು ಆ ಕೆಲಸದಿಂದಲೇ. 2021ರ ಚಿಪ್ ಕೊರತೆಯ ಕಾಲದಲ್ಲಿ ಎಷ್ಟೋ ತಂಡಗಳು ಹೊಸ ಗುಣವೊಂದನ್ನೂ ಸೇರಿಸದೆ, ಸಿಗುವ ಚಿಪ್ಪಿಗೆ ಬೋರ್ಡನ್ನು ಮತ್ತೆ ಮತ್ತೆ ಬರೆಯುವುದರಲ್ಲಿಯೇ ದಣಿದವು.

ಬೆಸುಗೆ, ಕುಶಾಲನಗರ

ಅಚ್ಚನ್ನು ಬಿಟ್ಟುಬಿಡಿ. ಕಾರ್ಖಾನೆಗಳ ಹೊರಾಂಗಣ ಉಪಕರಣಗಳಿಗೆಂದು ರಬ್ಬರ್ ಪಟ್ಟಿಯ, ನಾಲ್ಕು ಸ್ಕ್ರೂಗಳ, ನೀರು ತಡೆಯುವ ಪಾಲಿಕಾರ್ಬೊನೇಟ್ ಪೆಟ್ಟಿಗೆಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿಯೇ ಸಿಗುತ್ತವೆ. ನೋಡಲು ಚೆನ್ನಾಗಿರುವುದಿಲ್ಲ, ಅಂಗೈಗೆ ಸ್ವಲ್ಪ ದೊಡ್ಡದೂ ಆಗುತ್ತದೆ. ಆದರೆ ಪೆಟ್ಟಿಗೆಗೆ ತಕ್ಕಂತೆ ಬೋರ್ಡನ್ನು ಬರೆದರೆ ಅಚ್ಚಿನ ಖರ್ಚು ಪೂರ್ತಿ ಹೋಗುತ್ತದೆ. ಗುಂಡಿಗಳಿಗೆ ಮೇಲಿನಿಂದ ಅಂಟಿಸುವ ಮೆಂಬ್ರೇನ್ ಹಾಳೆ ಹಾಕಿ. ತೂತು ಕೊರೆದು ಕೂರಿಸಿದ ಗುಂಡಿಯ ಸುತ್ತಲಿಂದಲೇ ನೀರು ಒಳಗೆ ಹೋಗುವುದು. ಚಾರ್ಜಿಂಗ್ ಪೋರ್ಟನ್ನು ಹೊರಗೆ ಬಿಡಲೇಬೇಡಿ. ಸೆಲ್ಲನ್ನು ಹೊರತೆಗೆದು ಚಾರ್ಜ್ ಮಾಡಿಕೊಳ್ಳಲಿ.

ಇನ್ನೊಂದು. ಬೆಟ್ಟದ ತುದಿಯಲ್ಲಿ ಇಡುವ ಮರುಪ್ರಸಾರ ಪೆಟ್ಟಿಗೆಯ ಬಗ್ಗೆ ಯಾರೂ ಲೆಕ್ಕ ಹಾಕಿದಂತಿಲ್ಲ. ಕಣಿವೆಯ ತಳದಿಂದ, ಒದ್ದೆಯಾದ ಸಿಲ್ವರ್ ಓಕ್, ಬಳಂಜಿ ಮರಗಳ ನಡುವಿನಿಂದ ಈ ರೇಡಿಯೊ ದೂರ ಹೋಗುವುದಿಲ್ಲ, ಎತ್ತರದಲ್ಲೊಂದು ನಿಲ್ದಾಣ ಬೇಕೇ ಬೇಕು. ಅದಕ್ಕೆ ಸೋಲಾರ್ ಹಾಕುತ್ತೀರಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮ ಬೆಟ್ಟದ ಮೇಲೆ ಸೂರ್ಯನ ಮುಖವೇ ಕಾಣದ ವಾರಗಳಿರುತ್ತವೆ. ಸಾಧನ ಬೇಕಾಗುವುದೂ ಆ ವಾರಗಳಲ್ಲಿಯೇ. ಪ್ಯಾನೆಲ್, ಬ್ಯಾಟರಿಗಳನ್ನು ಏಪ್ರಿಲ್‌ನ ಬಿಸಿಲು ನೋಡಿ ಅಳೆಯಬೇಡಿ. ಏಪ್ರಿಲ್‌ನ ಸಿಡಿಲಿಗೂ ರಕ್ಷಣೆ ಬೇಕು.

ಕಾಳುಮೆಣಸು, ಸಿದ್ದಾಪುರ

ಬೆಸುಗೆಯವರ ಮಾತು ಓದಿದ ಮೇಲೆ ನನ್ನ ಆಕ್ಷೇಪ ಬಹುಮಟ್ಟಿಗೆ ಕರಗಿತು. ಫೋನು ಬೇಡದ, ಸ್ಕ್ರೂ ಬಿಚ್ಚಿ ನೋಡಬಹುದಾದ, ಕನ್ನಡ ತೋರಿಸುವ ಪೆಟ್ಟಿಗೆ ಬೇರೆಲ್ಲೂ ಸಿಗದು. ಆದರೆ ಮಳೆಗಾಲದ ಎರಡು ತಿಂಗಳಿಗೆ ಮಾತ್ರ ಉಪಯೋಗವಾಗುವ ವಸ್ತುವಿಗೆ ಯಾವ ಬೆಳೆಗಾರನೂ ಪ್ರತಿ ವರ್ಷ ಹಣ ಕೊಡುವುದಿಲ್ಲ. ಉಳಿದ ಹತ್ತು ತಿಂಗಳಲ್ಲಿ ಅದು ಡ್ರಾಯರಿನಲ್ಲಿ ಬಿದ್ದು, ಬೇಕಾದ ದಿನ ಸೆಲ್ಲು ಸತ್ತಿರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವ ತೋಟಕ್ಕೆ ಎಷ್ಟು ಸೆಂಟು ಬಿತ್ತೆಂಬುದು ನಮಗೆಲ್ಲರಿಗೂ ತುರ್ತಾಗಿ ಬೇಕಾದ ಮಾಹಿತಿ. ಹೂಮಳೆ ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ತೀರ್ಮಾನ ಅದರ ಮೇಲೆ ನಿಂತಿದೆ. ಸಾಧನ ದಿನವೂ ಕೈಯಲ್ಲಿರುವುದು ಮಳೆ ಲೆಕ್ಕದಿಂದ. ಆಪತ್ತಿನ ಸಂದೇಶ ಅದರ ಜೊತೆಯಲ್ಲಿ ಬರಲಿ. ಮಾರುವಾಗ ಇದೇ ಕ್ರಮದಲ್ಲಿ ಹೇಳಿ.

ಲೆಕ್ಕಿಗ, ಗೋಣಿಕೊಪ್ಪ

ಹಾಗಾದರೆ ನನ್ನ ಪ್ರಸ್ತಾವ ಹೀಗಿದೆ. ಮೊದಲ ಕಂತಿನಲ್ಲಿ 60 ಸಾಧನಗಳು, ಹೆಚ್ಚು ಬೇಡ. ಬಿಡಿ ವ್ಯಕ್ತಿಗಳಿಂದ ಮುಂಗಡ ಪಡೆಯದೆ, ಎರಡು ಮೂರು ಸಹಕಾರ ಸಂಘಗಳು ಅಥವಾ ರೈತ ಉತ್ಪಾದಕ ಕಂಪನಿಗಳು ಸೇರಿ ಪೂರ್ತಿ ಕಂತನ್ನು ಕೊಳ್ಳಲಿ. ಸಾಧನ ಸಂಘದ ಆಸ್ತಿಯಾಗಿರಲಿ, ಸದಸ್ಯರಿಗೆ ಬಳಸಲು ಕೊಡಲಿ. ಪ್ರತಿ ಸಾಧನಕ್ಕೆ ವರ್ಷಕ್ಕೆ 500 ರೂಪಾಯಿ ನಿರ್ವಹಣಾ ಶುಲ್ಕವನ್ನು ಸದಸ್ಯರು ಕೊಡಲಿ. 60ಕ್ಕೆ ವರ್ಷಕ್ಕೆ 30,000 ರೂಪಾಯಿ ಆಗುತ್ತದೆ. ಯಾರ ಸಂಬಳಕ್ಕೂ ಅದು ಸಾಲದೆಂಬುದು ನನಗೆ ತಿಳಿದಿದೆ. ಸೆಲ್ಲು, ಲೇಪನ, ಬಿಡಿಭಾಗ, ಬೆಸುಗೆಯವರ ಕೂಲಿ ಇಷ್ಟಕ್ಕೆ ಸಾಕಾಗಬಹುದು. ತಂತ್ರಾಂಶದ ಕೆಲಸಕ್ಕೆ ಎರಡನೆಯ ಕಂತಿನಿಂದ ಬೆಲೆಯೊಳಗೇ ಒಂದು ಪಾಲು ಸೇರಿಸೋಣ. ಮೊದಲ ಕಂತು ಒಂದು ಪೂರ್ತಿ ಮಳೆಗಾಲ ದಾಟುವವರೆಗೆ ಎರಡನೆಯದಕ್ಕೆ ಯಾರಿಂದಲೂ ಒಂದು ರೂಪಾಯಿ ಪಡೆಯಬಾರದು. ಇದನ್ನು ಒಪ್ಪಂದದಲ್ಲಿ ಬರೆಯಬೇಕು.

ಮೂಲಸಂಕೇತ, ಬೆಂಗಳೂರು (ತವರು ನಾಪೋಕ್ಲು)

ಒಪ್ಪಿಗೆ ಇದೆ. ಮೊದಲ ವರ್ಷದ ಫರ್ಮ್‌ವೇರ್ ಕೆಲಸವನ್ನು ನಾನು ಹಣವಿಲ್ಲದೆ ಮಾಡುತ್ತೇನೆ, ಆದರೆ ಗಂಟೆಗಳ ಲೆಕ್ಕವನ್ನು ಪ್ರತಿ ತಿಂಗಳು ಇಲ್ಲಿಯೇ ಹಾಕುತ್ತೇನೆ. ಉಚಿತವಾಗಿ ಸಿಕ್ಕ ಶ್ರಮಕ್ಕೆ ಬೆಲೆ ಬರೆಯದಿದ್ದರೆ ಎರಡನೆಯ ಕಂತಿನ ಬೆಲೆಯನ್ನು ಯಾರೂ ಸರಿಯಾಗಿ ಕಟ್ಟಲಾರರು. ನಾನು ಬಿಟ್ಟುಹೋದ ದಿನ ಇನ್ನೊಬ್ಬರು ಹಿಡಿದುಕೊಳ್ಳುವಂತೆ, ಪಾಠಮನೆ ಮೇಡಂ ಅವರ ಇಬ್ಬರು ವಿದ್ಯಾರ್ಥಿಗಳು ಆರಂಭದಿಂದಲೇ ಜೊತೆಗಿರಲಿ. ಅವರಿಗೆ ಮಾತ್ರ ಗೌರವಧನ ಕೊಡಲೇಬೇಕು.

ಪಾಠಮನೆ, ಪೊನ್ನಂಪೇಟೆ

ಇಬ್ಬರನ್ನು ಕಳುಹಿಸುತ್ತೇನೆ. ಅವರ ಗೌರವಧನ ಯಾವ ಲೆಕ್ಕದಿಂದ ಬರುತ್ತದೆಂಬುದನ್ನು ಲೆಕ್ಕಿಗ ಸರ್ ಒಪ್ಪಂದದಲ್ಲಿ ಸೇರಿಸಬೇಕು. ಇನ್ನೊಂದು ಅಂಶ ಬಾಕಿ ಇದೆ. ಇಟಿಎ ಯಾರ ಹೆಸರಿನಲ್ಲಿ ಇರಬೇಕು? ಹೂಮಳೆಯವರ ವೈಯಕ್ತಿಕ ಹೆಸರಿನಲ್ಲಿದ್ದರೆ ಅವರು ಹಿಂದೆ ಸರಿದ ದಿನ ಎಲ್ಲವೂ ನಿಲ್ಲುತ್ತದೆ.

ಹೂಮಳೆ, ಚೆಟ್ಟಳ್ಳಿ

ಖಂಡಿತವಾಗಿಯೂ ನನ್ನ ಹೆಸರಿನಲ್ಲಿ ಬೇಡ. ಕೊಳ್ಳುವ ಸಂಘಗಳಲ್ಲಿ ಒಂದರ ಹೆಸರಿನಲ್ಲಿಯೇ ಅರ್ಜಿ ಹಾಕೋಣ, ಪರೀಕ್ಷಾ ವರದಿಯ ಖರ್ಚನ್ನು ಮಾತ್ರ ನಮ್ಮ ಗೆಳೆಯರ ಗುಂಪು ಭರಿಸುತ್ತದೆ. ಬೆಸುಗೆ ಅಣ್ಣ ಹೇಳಿದ ಪೆಟ್ಟಿಗೆಯ ಅಳತೆಗೆ ಬೋರ್ಡನ್ನು ಹೊಸದಾಗಿ ಬರೆಯುತ್ತಿದ್ದೇನೆ, ಕಿಕ್ಯಾಡ್ ಕಡತಗಳನ್ನು ಮುಗಿದ ಕೂಡಲೇ ಇಲ್ಲಿ ಹಂಚುತ್ತೇನೆ. ಗೌರವಧನವನ್ನು ಮೊದಲ ಕಂತಿನ ಬೆಲೆಯಲ್ಲಿಯೇ ಸೇರಿಸಿ ಸಂಘಗಳ ಮುಂದೆ ಇಡೋಣ. ಲೆಕ್ಕಿಗ ಸರ್, ಒಪ್ಪಂದದ ಕರಡಿನಲ್ಲಿ ಎರಡನೆಯ ಕಂತಿನ ನಿಬಂಧನೆಯನ್ನು ನೀವು ಹೇಳಿದ ಮಾತುಗಳಲ್ಲಿಯೇ ಬರೆಯಿರಿ. ಮರುಪ್ರಸಾರ ಪೆಟ್ಟಿಗೆಯ ಬ್ಯಾಟರಿ ಲೆಕ್ಕವನ್ನು ಜುಲೈನ ಬಿಸಿಲಿಗೆ ಹಾಕಿ, ಅದು ಎಷ್ಟೇ ದುಬಾರಿಯಾಗಿ ಬಂದರೂ, ಆ ಅಂಕಿಯನ್ನೇ ಕರಡಿಗೆ ಕಳುಹಿಸುತ್ತೇನೆ.